ಹೋದವಳ ಹೆಸರಿಗೆ ಓಗೊಟ್ಟವಳು

ನಾನು ಬಾಡಿಗೆಗಿದ್ದ ಮಹಡಿಯ ಕೆಳಗೆ ಒಂದು ಮೋಟಾರು ರಿಪೇರಿ ಅಂಗಡಿ ಇತ್ತು. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಅದನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಬೀದಿಯವರೆಲ್ಲ ಅವಳನ್ನು ವೈಂಡಿಂಗ್ ಅಕ್ಕ ಎನ್ನುತ್ತಿದ್ದರು. ನನಗಿಂತ ಎಷ್ಟೋ ಚಿಕ್ಕವಳಾದರೂ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಹೆಸರು ಹಿಡಿದು ಕರೆದರೆ ಅವಳು ತಲೆ ಎತ್ತುತ್ತಿರಲಿಲ್ಲ. ಅವಳ ತಾಯಿಯೊಬ್ಬರಿಗೆ ಮಾತ್ರ ಆ ಹೆಸರಿಗೆ ಉತ್ತರ ಸಿಗುತ್ತಿತ್ತು, ಅದೂ ಮೂರನೆಯ ಕೂಗಿಗೆ.

ಹೆಸರೇನೋ ಚೆನ್ನಾಗಿಯೇ ಇತ್ತು. ಸದಾ ನಗುವವಳು ಎಂದು ಅದರ ಅರ್ಥ. ಅವಳಾದರೋ ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದವಳಂತಿದ್ದಳು. ಬೀದಿಯ ಕೊನೆಯ ಹಿಟ್ಟಿನ ಗಿರಣಿಯವನು ಒಂದು ಸಲ ಮೋಟಾರು ತಂದಿಳಿಸಿ, "ಏನಕ್ಕಾ, ಹೆಸರಲ್ಲಿ ಅಷ್ಟೊಂದು ನಗು ಇಟ್ಕೊಂಡು ಮುಖದಲ್ಲಿ ಚಿಟಿಕೆಯಷ್ಟೂ ಇಲ್ವಲ್ಲ?" ಎಂದ.

"ನಗು ಬೇಕಾದ್ರೆ ಫೋಟೋ ಸ್ಟುಡಿಯೋಗೆ ಹೋಗು. ಇಲ್ಲಿ ಬರೀ ಮೋಟಾರ್ ಕಟ್ತೀವಿ," ಎಂದಳು ಅಕ್ಕ. "ಇನ್ನೊಂದ್ಸಲ ಹೀಗೆ ಸುಟ್ಕೊಂಡು ಬಂದ್ರೆ ಮೋಟಾರಿನ ಜೊತೆ ನಿನ್ನನ್ನೂ ವಾರ್ನಿಷ್‌ನಲ್ಲಿ ಅದ್ದಿ ಒಣಗಾಕ್ತೀನಿ."

ಬೈಗುಳ ತಿಂದೂ ಗಿರಾಕಿಗಳು ಅಲ್ಲಿಗೇ ಬರುತ್ತಿದ್ದರು. ಅವಳು ಕಟ್ಟಿದ ಮೋಟಾರು ಬೇಗ ಕೆಡುತ್ತಿರಲಿಲ್ಲ. ಮುಚ್ಚಳ ಬಿಚ್ಚಿದೊಡನೆ ಮೂಸಿ ನೋಡುವಳು. ಕರಿಕಾದ ಹಳೆಯ ತಂತಿಯನ್ನು ಉಳಿಯಿಂದ ಕತ್ತರಿಸಿ ಕಿತ್ತೆಸೆಯುವಳು. ತಂತಿ ಕೂರುವ ಸೀಳುಗಳನ್ನು ಕೆರೆದು, ಕಾಗದ ಮಡಿಸಿಟ್ಟು, ಹೊಸ ತಂತಿಯ ಸುರುಳಿಗಳನ್ನು ಬಿದಿರಿನ ಚಕ್ಕೆಯಿಂದ ಒಳಕ್ಕೆ ತಳ್ಳುವಳು. ಆ ಹೊತ್ತಿನಲ್ಲಿ ತುಟಿ ಬಿಗಿದುಕೊಂಡು ಯಾರನ್ನೋ ಮನಸ್ಸಿನಲ್ಲೇ ಬೈಯುತ್ತಿರುವಂತೆ ಕಾಣುತ್ತಿದ್ದಳು.

ಆ ಸಿಟ್ಟಿನ ಬುಡ ನನಗೆ ತಿಳಿದದ್ದು ನಿಧಾನವಾಗಿ, ಸಂಜೆಯ ಹೊತ್ತು ಅಂಗಡಿಯ ಬೆಂಚಿನ ಮೇಲೆ ಪತ್ರಿಕೆ ಓದುತ್ತ ಕುಳಿತಾಗ ಅವಳು ಆಡಿದ ತುಂಡು ಮಾತುಗಳಿಂದ. ಅವಳಿಗಿಂತ ಮೊದಲು ಆ ಮನೆಯಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತ್ತು. ಯಾರು ಎತ್ತಿಕೊಂಡರೂ ನಗುತ್ತಿತ್ತಂತೆ. ನಗು ನೋಡಿಯೇ ಆ ಹೆಸರಿಟ್ಟಿದ್ದರು. ಮಗು ಮಾತು ಕಲಿಯುವ ವಯಸ್ಸಿಗೆ ತೀರಿಹೋಯಿತು. ಆಮೇಲೆ ಹುಟ್ಟಿದ ಇವಳಿಗೂ ತಾಯಿ ಅದೇ ಹೆಸರನ್ನಿಟ್ಟರು. ಹೋದವಳೇ ತಿರುಗಿ ಬಂದಳೆಂದು ಬಂಧುಗಳಿಗೆಲ್ಲ ಹೇಳಿದರು.

"ಸ್ಕೂಲಲ್ಲಿ ಅಕ್ಷರ ಕಲಿಸಿದ್ರು ನೋಡಿ ಮೇಷ್ಟ್ರೇ, ಮನೇಗ್ ಬಂದು ಗೋಡೆ ಮೇಲಿದ್ದ ಫೋಟೋ ಕೆಳಗಿನ ಹೆಸರನ್ನ ಕೂಡಿಸ್ಕೊಂಡು ಓದ್ದೆ. ನನ್ನ ಹೆಸರು! ಮುಖ ಮಾತ್ರ ನನ್ನದಲ್ಲ. ಅಮ್ಮನ್ನ ಕೇಳಿದೆ. ಅದು ನೀನೇ ಕಣೇ, ಅಂದ್ಲು. ನಾನು ಕನ್ನಡಿ ಮುಂದೆ ಹೋಗಿ ನಿಂತು, ಅವಳ ಹಾಗೆ ಬಾಯಿ ಅಗಲಿಸಿ ಅಗಲಿಸಿ ನೋಡ್ಕೊಂಡೆ. ಬರಲಿಲ್ಲ. ಅವತ್ತಿಂದ ಈವತ್ತಿನವರೆಗೂ ಬರಲಿಲ್ಲ."

ಅತ್ತರೆ, ನೀನು ಮೊದಲು ಅಳುತ್ತಲೇ ಇರಲಿಲ್ಲ ಎನ್ನುತ್ತಿದ್ದರಂತೆ. ಬೆಲ್ಲ ಬೇಡವೆಂದರೆ, ಆಗ ಬೇಕೆನ್ನುತ್ತಿದ್ದೆಯಲ್ಲ ಎನ್ನುತ್ತಿದ್ದರಂತೆ. ಅವಳು ಮಾಡಿದ ಒಂದೊಂದನ್ನೂ ಇನ್ನೊಬ್ಬಳ ಪಕ್ಕದಲ್ಲಿಟ್ಟು ಅಳೆದರು. ಆ ಇನ್ನೊಬ್ಬಳೋ ತಪ್ಪು ಮಾಡುವಷ್ಟು ಕಾಲ ಬದುಕಿರಲೇ ಇಲ್ಲ.

ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ತಾಯಿ, ಅಕ್ಕ, ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ ತಮ್ಮ, ಅವನ ಹೆಂಡತಿ ವಾಸವಾಗಿದ್ದರು. ಅಕ್ಕ ಮದುವೆಯಾಗಲಿಲ್ಲ. ಕಾರಣ ಕೇಳಿದವರಿಗೆ, "ಯಾರಾದ್ರೂ ಫೋಟೋ ನೋಡಿ ಒಪ್ಪಿಬಿಟ್ರೆ ಅನ್ನೋ ಭಯ," ಎಂದು ಉತ್ತರ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು.

ತಮ್ಮನಿಗೆ ಮೊದಲ ಮಗಳು ಹುಟ್ಟಿದಾಗ ಆ ಮನೆಯ ಗಾಳಿಯೇ ಬದಲಾಯಿತು. ಅಕ್ಕ ಫ್ಯಾನಿನ ರಟ್ಟಿನ ಪೆಟ್ಟಿಗೆಗೆ ಹಳೆಯ ಹೊದಿಕೆ ಹಾಸಿ, ಕೂಸನ್ನು ಅದರಲ್ಲಿ ಕೂರಿಸಿ, ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುವಳು. ಕೂಸು ಖಾಲಿ ತಂತಿಯುರುಳೆಯನ್ನು ಕಡಿಯುತ್ತ ಕೂರುವುದು. ಒಂದು ವಾರದ ಜ್ವರ ಅದನ್ನು ಕೊಂಡೊಯ್ದಿತು. ಆ ತಿಂಗಳೆಲ್ಲ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿರುತ್ತಿತ್ತು.

ಮರುವರ್ಷ ಮತ್ತೆ ಹೆಣ್ಣು ಮಗುವಾಯಿತು. ಆಸ್ಪತ್ರೆಯಿಂದ ಕರೆತಂದ ಕೆಲವು ದಿನಗಳ ಮೇಲೆ, ಒಂದು ಸಂಜೆ ತಮ್ಮ ಮಹಡಿ ಮೆಟ್ಟಿಲಲ್ಲೇ ನನ್ನನ್ನು ನಿಲ್ಲಿಸಿದ. ಮಕ್ಕಳಿಗೆ ಹೆಸರು ಹುಡುಕುವಾಗ ಬೀದಿಯವರು ನನ್ನ ಬಳಿ ಅರ್ಥ ಕೇಳಲು ಬರುವುದು ವಾಡಿಕೆಯಾಗಿತ್ತು.

"ಮೇಷ್ಟ್ರೇ, ಮೊದಲನೇದಕ್ಕೆ ಇಟ್ಟಿದ್ವಲ್ಲ, ಅದೇ ಹೆಸರನ್ನ ಇದಕ್ಕೂ ಇಡೋಣ ಅಂತ ಅಮ್ಮ. ಭಾನುವಾರ ನಾಲ್ಕು ಜನಾನ ಕರೆದು ಹೇಳ್ಬಿಡೋಣ ಅಂತ. ಅದರ ಅರ್ಥ ಒಳ್ಳೇದೇ ತಾನೆ?"

ನಾನು ಹುಮ್ಮಸ್ಸಿನಿಂದ ಹೇಳತೊಡಗಿದೆ: ಸೂರ್ಯ ಮೂಡುವ ಮೊದಲು ಆಕಾಶಕ್ಕೆ ಬರುವ ಬಣ್ಣವೆಂದು ಅದರ ಅರ್ಥ, ಹಳೆಯ ಪದ, ಕೇಳಲು ಇಂಪು. ಅಷ್ಟರಲ್ಲಿ ಕೆಳಗಿನಿಂದ ಉಳಿ ನೆಲಕ್ಕೆ ಬಿದ್ದ ಸದ್ದಾಯಿತು. ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

"ಅರ್ಥ ಆಯ್ತು ಮೇಷ್ಟ್ರೇ. ಅದು ಎಲ್ಲಿಂದ ಬಂತು, ಅದನ್ನೂ ಹೇಳಿ."

"ಅದರ ಮೂಲ ಧಾತು..." ಎಂದೆ.

"ಧಾತು ಗೀತು ಬೇಡ. ಯಾವ ಮಗು ಮೈಮೇಲಿಂದ ಬಿಚ್ಚಿ ತಂದ್ರಿ, ಅದನ್ನ ಹೇಳಿ!"

ಅವಳು ತಮ್ಮನ ಕಡೆ ತಿರುಗಿದಳು. "ಅಂಗಿ ಚಿಕ್ಕದಾಯ್ತು ಅಂತ ಕೆಳಗಿನ ಮಗುಗೆ ತೊಡಿಸ್ತಾರೆ, ಸರಿ. ಹೆಸರೇನು ಅಂಗಿಯಾ? ನಾನಿನ್ನೂ ಬದುಕಿದೀನಿ ಕಣೋ. ನನ್ನ ಮುಖ ನೋಡಿಯೂ ಈ ಕೆಲಸ ಮಾಡೋಕೆ ಮನಸ್ಸು ಬಂತಾ ನಿಂಗೆ?"

"ಅಮ್ಮನ ಸಮಾಧಾನಕ್ಕೆ ಅಕ್ಕಾ..."

"ಅಮ್ಮನ ಸಮಾಧಾನಕ್ಕೆ ನನ್ನ ಒಂದು ಜೀವ ಹೋಗಿದೆ. ಇನ್ನೆಷ್ಟು ಬೇಕಂತೆ?"

ಭಾನುವಾರ ಬೆಳಿಗ್ಗೆ ನಾನೂ ಹೋದೆ. ಹೊರಗಿನವರಲ್ಲಿ ನಾನೊಬ್ಬನೇ ಬಂದಿದ್ದೆ, ಉಳಿದವರಿನ್ನೂ ಬರಬೇಕಿತ್ತು. ಒಳಕೋಣೆಯಲ್ಲಿ ಕಬ್ಬಿಣದ ಮಂಚ, ಕಿಟಕಿಯ ಸರಳಿಗೆ ಒಣಹಾಕಿದ ಕೂಸಿನ ಬಟ್ಟೆ, ಮೂಲೆಯಲ್ಲಿ ಮರದ ತೊಟ್ಟಿಲು. ತಮ್ಮನ ಹೆಂಡತಿ ಮಂಚದ ಮೇಲೆ ಮಗುವನ್ನಿಟ್ಟುಕೊಂಡು ಕುಳಿತಿದ್ದಳು. ತಾಯಿ ತೊಟ್ಟಿಲಿನ ಪಕ್ಕದ ಕುರ್ಚಿಯಲ್ಲಿದ್ದರು. ಅಕ್ಕ ಕೈ ತೊಳೆಯದೆಯೇ ಅಂಗಡಿಯಿಂದ ನೇರವಾಗಿ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮಾ, ಆ ಹೆಸರು ಬೇಡ. ಇಟ್ರೆ ನಾನು ಈ ಮನೇಲಿರಲ್ಲ."

"ನಿನಗೇನು ಕಡಿಮೆ ಮಾಡಿದ್ವಿ?" ಎಂದರು ತಾಯಿ. "ಒಳ್ಳೇ ಹೆಸರಿಟ್ಟೆ. ಹೋದವಳು ತಿರುಗಿ ಬಂದ್ಲು ಅಂದ್ಕೊಂಡೇ ನಾನು ಎದ್ದು ಕೂತಿದ್ದು, ಅನ್ನ ತಿಂದಿದ್ದು. ಇಲ್ದಿದ್ರೆ ನಾನೂ ಅವಳ ಹಿಂದೇನೇ ಹೋಗ್ತಿದ್ದೆ."

"ತಿರುಗಿ ಬಂದವಳು ಅವಳಾದ್ರೆ, ನಾನು ಹುಟ್ಟೇ ಇಲ್ಲ ಅಂತಾಯ್ತಲ್ಲ?"

ತಾಯಿ ತೊಟ್ಟಿಲಿನ ಬಟ್ಟೆ ಸರಿಪಡಿಸತೊಡಗಿದರು. ಅಕ್ಕ ಬಿಡಲಿಲ್ಲ. "ಒಂದೇ ಒಂದು ಸಲ, ನನ್ನನ್ನ ಕರೀವಾಗ ನನ್ನನ್ನೇ ನೆನೆಸ್ಕೊಂಡು ಕರೆದಿದ್ದೀಯಾ? ನೀನು ಕೂಗಿದಾಗೆಲ್ಲ ನಾನು ಹಿಂದೆ ತಿರುಗಿ ನೋಡ್ತಿದ್ದೆ, ಇನ್ಯಾರೋ ಬರ್ತಿದಾರೇನೋ ಅಂತ. ಓ ಅಂದಾಗ ನಿನ್ನ ಮುಖ ಸಪ್ಪಗಾಗೋದು. ಅದನ್ನ ನೋಡಿ ನೋಡಿ ಸಾಕಾಗಿದೆ ನಂಗೆ. ಈ ಮಗು ಅದನ್ನ ನೋಡಬಾರದು."

"ಎಲ್ಲರ ಮುಂದೆ ಹೆತ್ತವಳ ಮಾನ ಕಳೀತೀಯಲ್ಲೇ," ಎಂದು ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ತಮ್ಮ ಗೋಡೆ ನೋಡುತ್ತ ನಿಂತ. ಅವನ ಹೆಂಡತಿ ಆಗ ಮಾತನಾಡಿದಳು.

"ಅತ್ತೆಯನ್ನ ಬೈಬೇಡಿ ಅಕ್ಕಾ. ಹೆಸರು ಬೇಕು ಅಂತ ಮೊದಲು ಹೇಳಿದ್ದು ನಾನು."

ಅಕ್ಕನಿಗೆ ಇದು ಗೊತ್ತಿರಲಿಲ್ಲ. ಹುಬ್ಬಿನ ಗಂಟು ಹಾಗೆಯೇ ಇತ್ತು, ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಕ್ಕೆ ಬಂದಳು.

"ಅವಳು ಹೋದ್ಮೇಲೆ ಆ ಹೆಸರನ್ನ ಯಾರೂ ಬಾಯಿಗೇ ತರಲ್ಲ," ಎಂದಳು ಆ ಹುಡುಗಿ. "ನಾನು ಅಂದ್ರೆ, ಸುಮ್ನಿರು, ನೆನೆಸ್ಕೋಬೇಡ ಅಂತಾರೆ. ಹಾಲು ಕಾಯಿಸುವಾಗ, ಬಟ್ಟೆ ಹಿಂಡುವಾಗ ಬಾಯಿ ತುದಿಗೆ ಬರುತ್ತೆ. ನುಂಗ್ಕೋತೀನಿ. ಇದಕ್ಕೆ ಆ ಹೆಸರಿಟ್ರೆ ದಿನಾ ಕೂಗಬಹುದು ಅಂತ ಆಸೆ. ಕೂಗಿದ್ರೆ ಯಾರಾದ್ರೂ ಓ ಅಂತಾರಲ್ಲ ಅಂತ."

ಮಗು ಎಚ್ಚರಗೊಂಡು ಮುಷ್ಟಿ ಬಿಗಿದು ಅಳತೊಡಗಿತು. ಅಕ್ಕ ಮಂಚದ ಬಳಿ ಹೋಗಿ ಬಗ್ಗಿದಳು. ಕೈಯಲ್ಲಿ ವಾರ್ನಿಷ್ ಇದ್ದುದರಿಂದ ಮುಟ್ಟಲಿಲ್ಲ.

"ನೋಡೇ, ಹೇಗೆ ಅರಚ್ತಾಳೆ. ಆ ನಮ್ಮ ಚಿನ್ನ ಹೀಗೆ ಅಳ್ತಿತ್ತಾ? ಅದು ಬೆಕ್ಕಿನ ಮರಿ ಹಾಗೆ ಕುಂಯ್‌ಗುಡ್ತಿತ್ತು. ಇದು ಬೇರೆ ಕಣೇ. ಈಗ್ಲೇ ನಮ್ಮನ್ನೆಲ್ಲ ಬೈತಿದೆ. ಇದನ್ನ ಅದರ ಹೆಸರಲ್ಲಿ ಕರೆದ್ರೆ ಇದು ಓ ಅನ್ನುತ್ತೆ, ನಿಜ. ಆದ್ರೆ ನಿನಗೆ ಬೇಕಾದೋಳು ಅನ್ನಲ್ಲ. ದಿನಾ ನಿನ್ನ ಮುಖ ಸಪ್ಪಗಾಗುತ್ತೆ, ದಿನಾ ಇದು ನೋಡುತ್ತೆ."

"ಮತ್ತೆ ನಾನೇನ್ ಮಾಡ್ಲಿ?" ಎಂದು ಹುಡುಗಿ ಬಿಕ್ಕಿದಳು.

"ಕೂಗು! ಯಾರು ಬೇಡ ಅಂದೋರು? ಕೂಗಬೇಕು ಅನ್ನಿಸಿದಾಗ ಅಂಗಡಿಗೆ ಬಂದು ನನ್ನನ್ನ ಕೂಗು. ನಾನು ಓ ಅಂತೀನಿ. ಸತ್ತವರ ಹೆಸರಿಗೆ ಓಗೊಟ್ಟು ನನಗೆ ಅಭ್ಯಾಸ ಇದೆ, ಇನ್ನೊಂದು ಹೆಚ್ಚಾದ್ರೆ ಸಾಯಲ್ಲ. ಈ ಕೂಸನ್ನ ಬಿಟ್ಬಿಡು."

ಕೊನೆಗೆ ಆ ಹುಡುಗಿಯೇ ಒಂದು ಹೆಸರು ಹೇಳಿದಳು. ಎರಡಕ್ಷರದ್ದು, ಆ ಮನೆಯಲ್ಲಿ ಯಾರಿಗೂ ಇರದಿದ್ದದ್ದು. ತಮ್ಮ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, "ಅರ್ಥ ಏನು ಮೇಷ್ಟ್ರೇ?" ಎಂದ.

"ಸುಮ್ನಿರೋ," ಎಂದು ಅಕ್ಕ ಗದರಿದಳು. "ಈಗ್ಲೇ ಹೇಳ್ಬಿಟ್ರೆ ಜೀವಮಾನವೆಲ್ಲ ಅದಕ್ಕೆ ತಕ್ಕ ಹಾಗೆ ಇರು ಅಂತೀರ."

ತಾಯಿ ಅಂದಿನಿಂದ ಬಹಳ ದಿನ ಮಗಳೊಡನೆ ಮಾತನಾಡಲಿಲ್ಲ. ಊಟಕ್ಕೂ ಸೊಸೆಯ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು. ಅಕ್ಕನೂ ಕ್ಷಮೆ ಕೇಳಲಿಲ್ಲ. ಅವಳ ಸಿಟ್ಟು ಇಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಹಿಟ್ಟಿನ ಗಿರಣಿಯವನಿಗೆ ಮೊದಲಿನಷ್ಟೇ ಬೈಗುಳ ಸಿಗುತ್ತಿತ್ತು.

ಆದರೆ ನಾನು ಆ ಮನೆಯಲ್ಲಿದ್ದಷ್ಟು ಕಾಲ, ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ, ಕೆಲವು ದಿನ ಕೆಳಗಿನಿಂದ ಆ ದನಿ ಕೇಳುತ್ತಿತ್ತು. ತಮ್ಮನ ಹೆಂಡತಿ ಅಂಗಡಿಯ ಹೊಸಿಲ ಬಳಿ ನಿಂತು, ಹೋದ ಮಗಳ ಹೆಸರನ್ನು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ ಕೂಗುತ್ತಿದ್ದಳು. ಅಕ್ಕ ತಂತಿಯ ಸುರುಳಿಯಿಂದ ಕಣ್ಣು ಕೀಳದೆ ಮೊದಲ ಕೂಗಿಗೇ ಓಗೊಡುತ್ತಿದ್ದಳು.

"ಓ! ಇದೀನಿ ಕಣೇ. ಬಾಗಿಲಲ್ಲಿ ನಿಲ್ಬೇಡ, ಬೆಳಕು ಬರಲ್ಲ. ಒಳಗ್ ಬಂದು ಕೂತ್ಕೊಂಡು ಕೂಗು."