ಕಣ್ಣೂರು ಸುತ್ತಿ ಬಂದ ಮದುಮಗಳು

ಕಳೆದ ವರ್ಷದ ಮೇ ತಿಂಗಳು. ದುಬೈಯಲ್ಲಿ ನರ್ಸ್ ಆಗಿರುವ ನನಗೆ ಮದುವೆಗೆಂದು ರಜೆ ಸಿಕ್ಕಿದ್ದೇ ರೋಸ್‌ನ ದಿನದಿಂದ. ರೋಸ್ ಎಂದರೆ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ.

"ಅದೇ ದಿನ ಬರುವುದಾ? ಎಂತಾದ್ರೂ ಆದ್ರೆ?" ಜೆಪ್ಪುವಿನ ಮನೆಯಿಂದ ಮಮ್ಮಿ ಫೋನಿನಲ್ಲಿ ಆತಂಕಪಟ್ಟರು.

"ಎರಡೂವರೆ ಸಾವಿರ ಕಿಲೋಮೀಟರ್ ಆದ್ರೆ ಎಂತ ಮಮ್ಮಿ? ವಿಮಾನದಲ್ಲಿ ಮೂರೂವರೆ ಗಂಟೆ. ಬೆಂಗಳೂರಿನ ಬಸ್ಸಿಗೇ ಇದರ ಎರಡು ಪಾಲು ಬೇಕು" ಎಂದು ನಾನು ನಗಾಡಿದ್ದೆ.

ವಿಮಾನ ಹೇಳಿದ ಹೊತ್ತಿಗೇ ಬಂತು. ಆದರೆ ನಮ್ಮೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಜೋರು ಮಳೆ, ದಟ್ಟ ಮೋಡ. ಮೇಲೆಯೇ ಸುತ್ತು ಹೊಡೆದು ಕೊನೆಗೆ ಕಣ್ಣೂರಿನಲ್ಲಿ ಇಳಿಯಿತು. ಕಾದು ಕಾದು ಸಾಕಾದ ಮೇಲೆ ನಮ್ಮನ್ನು ಬಸ್ಸು ಹತ್ತಿಸಿದರು. ಹೆದ್ದಾರಿಯುದ್ದಕ್ಕೂ ಕಾಮಗಾರಿ. ಸಮುದ್ರ ದಾಟಿದ್ದಕ್ಕಿಂತ ಹೆಚ್ಚು ಹೊತ್ತು ಈ ದಾರಿಗೇ ಹಿಡಿಯಿತು. ಕಾಸರಗೋಡು ತಲುಪುವಾಗಲೇ ಸಂಜೆ.

"ಜನ ಬರ್ಲಿಕ್ಕೆ ಶುರುವಾಯ್ತು. ನೀನು ಎಲ್ಲಿದ್ದಿ?" ಎಂದು ಮಮ್ಮಿ ಕೇಳಿದಾಗ ಅಳು ತಡೆಯಲಾಗಲಿಲ್ಲ.

ಪಕ್ಕದಲ್ಲಿ ಕೂತಿದ್ದವರು ಶಕ್ತಿನಗರದ ಖತೀಜಮ್ಮ. ದುಬೈಯಲ್ಲಿ ಮಗಳ ಬಾಣಂತನ ಮುಗಿಸಿ ಬರುತ್ತಿದ್ದರು.

"ಎಂತಕ್ಕೆ ಅಳುವುದು ಮಗಾ?"

ವಿಷಯ ಹೇಳಿದೆ. ಅವರು ನನ್ನ ಕೈಗೆ ನಾಲ್ಕು ಖರ್ಜೂರ ತುರುಕಿ ಎದ್ದು ನಿಂತರು. "ಕೇಳಿ ಮಾರಾಯ್ರೇ, ನಮ್ಮ ಬಸ್ಸಿನಲ್ಲಿ ಮದುಮಗಳು ಉಂಟು!"

ಅಷ್ಟೇ ಸಾಕಾಯಿತು. ಸುಸ್ತಾಗಿ ಮುಖ ಗಂಟಿಕ್ಕಿಕೊಂಡಿದ್ದವರೆಲ್ಲ ತಿರುಗಿ ನನ್ನನ್ನು ನೋಡಿ ನಕ್ಕರು. ಹಿಂದಿನ ಸೀಟಿನಿಂದ ಯಾರೋ ಕೊಂಕಣಿ ಹಾಡು ಎತ್ತಿದರು. ಆಮೇಲೆ ತುಳು, ಬ್ಯಾರಿ, ಯಾರಿಗೆ ಯಾವುದು ಬರುತ್ತದೋ ಅದು.

ನೇತ್ರಾವತಿ ಸೇತುವೆ ದಾಟಿದರೆ ಜೆಪ್ಪು. ಆದರೆ ಡ್ರೈವರ್ ಬಸ್ಸು ನಿಲ್ಲಿಸಲು ಒಪ್ಪಲಿಲ್ಲ. ಎಲ್ಲರನ್ನೂ ಏರ್‌ಪೋರ್ಟಿನಲ್ಲೇ ಇಳಿಸಬೇಕೆಂದು ಅವನಿಗೆ ಹೇಳಿದ್ದರಂತೆ. ಖತೀಜಮ್ಮ ಮುಂದೆ ಹೋಗಿ ಮಲಯಾಳದಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡರು. ಹಿಂದಿನಿಂದ ಇಡೀ ಬಸ್ಸೇ "ನಿಲ್ಸಿ, ನಿಲ್ಸಿ!" ಎಂದು ಕೂಗಿತು. ಪಾಪ, ಅವನು ನಗುತ್ತಾ ಬ್ರೇಕ್ ಹಾಕಿದ.

ಸೇತುವೆ ಹತ್ತಿರ ಬಂತೆಂದು ನಾನು ಫೋನ್ ಮಾಡಿದ್ದೇ ತಡ, ಅರ್ಧ ರೋಸ್ ಮನೆಯೇ ಬ್ಯಾಂಡ್ ಸಮೇತ ರಸ್ತೆಗೆ ಬಂದಿತ್ತು. ಮಮ್ಮಿಯ ಕೈಯಲ್ಲಿ ತೆಂಗಿನಹಾಲಿನ ಬಟ್ಟಲು.

"ಇಲ್ಲಿಯೇ ಶುರು ಮಾಡುವ" ಎಂದು ಅವರು ನನ್ನ ಹಣೆಗೆ ಹಾಲು ಹಚ್ಚಿದರು. ಆಮೇಲೆ ಬಟ್ಟಲನ್ನು, ನನ್ನ ಚೀಲ ಹಿಡಿದು ಜೊತೆಗೇ ಇಳಿದಿದ್ದ ಖತೀಜಮ್ಮನತ್ತ ಹಿಡಿದರು.

"ನಾನಾ?" ಅವರು ಹಿಂಜರಿದರು.

"ಮತ್ತೆ ಯಾರು? ಕರ್ಕೊಂಡು ಬಂದದ್ದು ನೀವಲ್ವಾ!"

ಅವರು ಹಾಲಿನಲ್ಲಿ ಬೆರಳು ಅದ್ದಿ ನನ್ನ ಎರಡೂ ಕೆನ್ನೆಗೆ ಸವರಿದರು. ಕಿಟಕಿಗಳಿಂದ ಚಪ್ಪಾಳೆ ಬಿತ್ತು. ಬ್ಯಾಂಡಿನವರು ಊದಿದರು.

ಮರುದಿನ ಮದುವೆಯ ಹಾಲ್‌ಗೂ ಖತೀಜಮ್ಮ ಬಂದರು. "ಹುಡುಗಿಗೆ ನೀವು ಎಂತ ಆಗಬೇಕು?" ಎಂದು ನನ್ನ ಅತ್ತೆ ಕೇಳಿದಾಗ, "ನಾವು ಒಂದೇ ಬಸ್ಸಿನವರು" ಎಂದರಂತೆ. ಆ ಮಾತು ನೆನಪಾದಾಗಲೆಲ್ಲ ನನಗೆ ನಗು ಬರುತ್ತದೆ. ನಗುತ್ತಿರುವಾಗಲೇ ಕಣ್ಣೂ ತುಂಬುತ್ತದೆ.