ದೊಡ್ಡಪ್ಪನ ಬುಟ್ಟಿ, ಜೆರಾಕ್ಸ್ ಅಂಗಡಿಯ ನಂಬರು

ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ಹದಿನೈದು ದಿನ ಮೊದಲು, ದೊಡ್ಡಬಳ್ಳಾಪುರದ ನಮ್ಮ ಬೀದಿಯ ಎರಡು ಮನೆಗಳ ಮಗ್ಗದಲ್ಲಿ ಒಂದೇ ಡಿಸೈನಿನ ಸೆರಗು ನೇಯ್ಗೆಯಾಗುತ್ತಿತ್ತು. ಒಂದು ಮನೆ ನಮ್ಮ ದೊಡ್ಡಪ್ಪನದು. ಇನ್ನೊಂದು, ಅವರ ಶೆಡ್ಡಿಗೆ ಎಂದೂ ಕಾಲಿಡದವರದು.

ಡಿಸೈನು ದೊಡ್ಡಪ್ಪನದೇ. ಹಬ್ಬಕ್ಕೆ ಮೊದಲು ಬೇರೆಯವರೂ ನೇಯ್ದರೆ ವ್ಯಾಪಾರಿಗೆ ಅದು ಹೊಸದಲ್ಲ. ಮೂರು ತಿಂಗಳ ಕೆಲಸ ಹಳೆಯ ಮಾಲು. ಆದ್ದರಿಂದ ಶೆಡ್ಡಿನ ಬಾಗಿಲಲ್ಲಿ ಬಿದಿರು ಬುಟ್ಟಿ ಇಟ್ಟಿದ್ದರು. ಒಳಗೆ ಹೋಗುವವರು ಅದರಲ್ಲಿ ಮೊಬೈಲ್ ಹಾಕಬೇಕು. ದೊಡ್ಡಪ್ಪನ ಅಳಿಯನೂ ಹಾಕುತ್ತಿದ್ದ. ಊಟಕ್ಕೆ ಕರೆಯಲು ಹೋಗುವ ದೊಡ್ಡಮ್ಮನೂ ದಿನಕ್ಕೆರಡು ಸಲ ಹಾಕುತ್ತಿದ್ದರು.

ಆಗ ನಾನು ಪತ್ರಿಕೆಗಾಗಿ 'ಝೀರೋ ಟ್ರಸ್ಟ್' ಎಂಬ ಸೈಬರ್ ಭದ್ರತೆಯ ಲೇಖನ ತಿದ್ದುತ್ತಿದ್ದೆ. ಒಳಗಿನವರು ಹೊರಗಿನವರೆನ್ನದೆ ಪ್ರತಿಯೊಬ್ಬರನ್ನೂ ಪ್ರತಿ ಸಲ ಪರೀಕ್ಷಿಸಬೇಕು, ಯಾರಿಗೂ ಬೇಕಾದ್ದಕ್ಕಿಂತ ಹೆಚ್ಚು ತೋರಿಸಬಾರದು ಎಂದು ದೊಡ್ಡಪ್ಪನಿಗೆ ವಿವರಿಸಿದೆ.

"ಇದಕ್ಕೆ ಇಂಗ್ಲಿಷ್ ಹೆಸರು ಬೇರೆ ಇಟ್ಟವ್ರಾ? ನಾನು ನಿಮ್ಮ ದೊಡ್ಡಮ್ಮನ್ನೇ ನಂಬಲ್ಲ ಕಣಮ್ಮ," ಎಂದರು.

ದೊಡ್ಡಮ್ಮ ಬುಟ್ಟಿಯಿಂದ ಮೊಬೈಲ್ ಎತ್ತಿಕೊಳ್ಳುತ್ತ, "ಈ ಜಾಣತನ ಮದ್ವೆಗೆ ಮುಂಚೆ ನಂಗಿರ್ಬೇಕಿತ್ತು," ಎಂದರು.

ಆ ಇನ್ನೊಂದು ಮನೆಯ ಸೆರಗಿನ ಸುದ್ದಿ ಬಂದಾಗ ದೊಡ್ಡಪ್ಪನ ಅನುಮಾನ ಅಳಿಯನ ಮೇಲೆ ಬಿತ್ತು. ಎರಡು ದಿನ ಅವನೊಡನೆ ಮಾತಿಲ್ಲ. ಮೂರನೆಯ ದಿನ ನಾನು ಆಧಾರ್ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋದೆ. ಗೋಡೆಯ ಮೇಲಿನ ನಂಬರಿಗೆ ಎಲ್ಲರೂ ವಾಟ್ಸಾಪ್ ಮಾಡುತ್ತಾರೆ. ಎಲ್ಲವೂ ಅಲ್ಲಿನ ಕಂಪ್ಯೂಟರಿಗೆ ಬರುತ್ತದೆ. ಅಂಗಡಿಯವರು ಕೈಬಿಡುವಿಲ್ಲದೆ, "ನಿಮ್ದು ನೀವೇ ಹುಡುಕ್ಕೊಳಿ ಮೇಡಂ," ಎಂದು ಮೌಸ್ ನನ್ನತ್ತ ಸರಿಸಿದರು. ಹುಡುಕಿದೆ. ಯಾರದೋ ರಕ್ತಪರೀಕ್ಷೆ, ಯಾರದೋ ಪಾಸ್‌ಬುಕ್, ನಮ್ಮ ಮನೆಯ ಎಲ್ಲರ ಆಧಾರ್. ಅವುಗಳ ಕೆಳಗೆ ದೊಡ್ಡಪ್ಪನ ಸೆರಗು. ವ್ಯಾಪಾರಿಗೆ ತೋರಿಸಲು ಕಲರ್ ಪ್ರಿಂಟ್ ಬೇಕಿತ್ತಂತೆ, ಅವರೇ ಕಳಿಸಿದ್ದರು.

ಅಂಗಡಿಗೆ ಬಂದವರೆಲ್ಲ ಅದನ್ನು ನೋಡಬಹುದಿತ್ತು ಎಂದು ಮನೆಗೆ ಬಂದು ಹೇಳಿದೆ. ದೊಡ್ಡಪ್ಪ, "ಜೆರಾಕ್ಸ್ ಅಂಗಡಿಯವ್ನು ನಮ್ಮವ್ನೇ ಕಣಮ್ಮ. ಅವ್ನಿಗೆ ಸೀರೆ ಎಲ್ಲಿ ಗೊತ್ತಾಗತ್ತೆ?" ಎಂದರು.

ಹಬ್ಬದ ವಾರ ವ್ಯಾಪಾರಿ ಸೆರಗು ನೋಡಿ, ಇದು ಆಗಲೇ ಸೀರೆ ಅಂಗಡಿಗಳಿಗೆ ಬಂದಿದೆ ಎಂದು ಮಡಚಿಟ್ಟ. ದೊಡ್ಡಪ್ಪ ದೀಪಾವಳಿಗೆ ಬೇರೆ ಡಿಸೈನು ಹೂಡಿದ್ದಾರೆ. ಬುಟ್ಟಿಯ ಜೊತೆಗೆ ಬಾಗಿಲಿಗೆ ಬೋರ್ಡೂ ಬರಲಿದೆ: 'ಮೊಬೈಲ್ ನಿಷೇಧ. ಅಳಿಯಂದಿರಿಗೂ.' ಬೋರ್ಡನ್ನೂ ಅಲ್ಲೇ ಪ್ರಿಂಟ್ ಮಾಡಿಸುವುದರಿಂದ, ಅಳತೆ ತಿಳಿಯಲೆಂದು ನಿನ್ನೆ ಜೆರಾಕ್ಸ್ ಅಂಗಡಿಯ ನಂಬರಿಗೆ ಬಾಗಿಲಿನ ಫೋಟೊ ಕಳಿಸಿದ್ದಾರೆ. ಫೋಟೊದಲ್ಲಿ ಬಾಗಿಲು ತೆರೆದಿದೆ. ಒಳಗೆ ಮಗ್ಗದ ಮೇಲೆ ದೀಪಾವಳಿಯ ಸೆರಗು ಕಾಣುತ್ತದೆ.