ಹುಳಕ್ಕೆ ಜ್ವರ ಬಂದ ಬೀದಿಯಲ್ಲಿ ಕುದುರೆ

ಲಾರಿಯಿಂದ ನನ್ನ ಕುದುರೆ ಕಸ್ತೂರಿಯನ್ನು ಇಳಿಸಿ ಹಗ್ಗ ಕೈಗೆ ಸುತ್ತಿಕೊಳ್ಳುತ್ತಿದ್ದೆ. ಬೇಲಿಯಾಚೆಯ ಮನೆಯಿಂದ ಅರುವತ್ತರ ಹೆಂಗಸೊಬ್ಬರು ಪೊರಕೆ ಹಿಡಿದುಕೊಂಡೇ ಓಡಿಬಂದು ಕುದುರೆಗೆ ಅಡ್ಡ ನಿಂತರು. ಬಾಯಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು: "ಗದ್ಲ ಮಾಡ್ಬ್ಯಾಡ ಕೂಸೆ. ಒಳಗ ಜ್ವರಕ್ಕ ಮಲಗವ."

ನನಗೆ ಗಾಬರಿಯಾಯಿತು. "ಎಷ್ಟ್ ಮಂದಿಗ್ರಿ ಜ್ವರ?" ಎಂದು ಕೇಳಿದೆ.

"ಎಲ್ಲಕ್ಕೂವೆ. ನಾಕ್ನೇ ಜ್ವರ," ಎಂದರು. ಮುಖದಲ್ಲಿ ಚಿಂತೆಯ ಬದಲು ಸಂಭ್ರಮವಿತ್ತು.

ಮನೆಮಂದಿಗೆಲ್ಲ ನಾಲ್ಕನೇ ಸಲ ಜ್ವರ ಬಂದರೆ ಸಂಭ್ರಮ ಪಡುವ ಊರಿಗೆ ಬಂದೆನಲ್ಲ ಎಂದು ಕಸ್ತೂರಿಯ ಕುತ್ತಿಗೆ ತಬ್ಬಿಕೊಂಡು ನಿಂತೆ. ಜ್ವರ ಬಂದದ್ದು ರೇಷ್ಮೆ ಹುಳಕ್ಕೆಂದು ಸಂಜೆ ಗೊತ್ತಾಯಿತು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ತಿನ್ನುವುದು ನಿಲ್ಲಿಸಿ, ತಲೆಯೆತ್ತಿಕೊಂಡು ಅಲುಗದೆ ಮಲಗುತ್ತದೆ. ಅದಕ್ಕೇ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದರೆ ವಾರವೆಲ್ಲ ಹಗಲಿರುಳು ಸೊಪ್ಪು ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಆ ಹೆಂಗಸಿನ ಹೆಸರು ಮಾದಮ್ಮ. ಅವರ ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು. ಒಳಗೆ ಹೋಗುವವರು ಮಿಂದು ಬಂದು, ಅದರ ಮೇಲೆ ಕಾಲೊರೆಸಿಯೇ ಹೋಗಬೇಕು. ಹೊರಗಿನವರಿಗೆ ಪ್ರವೇಶವೇ ಇಲ್ಲ. ಕುದುರೆಯ ವಾಸನೆ ಹೊತ್ತವಳಿಗಂತೂ ಮಾತೇ ಬೇಡ.

ಇದು ಕಾಮಗೆರೆಯಿಂದ ಹನೂರಿನ ಕಡೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಊರು. ಕೃಷ್ಣಾ ತೀರದ ನಮ್ಮ ಮಂದಿ "ಆ ಹುಡುಗಿ ಎಲ್ಲಿ ಹೋತು?" ಎಂದು ಈಗಲೂ ಕೇಳುತ್ತಾರಂತೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಜಮಖಂಡಿ ಕಡೆಯ ಹಳ್ಳಿ, ಕುದುರೆ ಗಾಡಿಯ ಶರ್ಯತ್ತಿನ, ಅಂದರೆ ಓಟದ ಪಂದ್ಯದ ಮನೆ. ನಡೆಯುವುದನ್ನು ಕಲಿತದ್ದೇ ಕುದುರೆಯ ಬಾಲ ಹಿಡಿದುಕೊಂಡು ಎಂದು ಅವ್ವ ಹೇಳುತ್ತಾಳೆ. ನೀರು ಕುಡಿಸುವುದು, ಮೈ ತಿಕ್ಕುವುದು, ಗೊರಸಿಗೆ ಸಿಕ್ಕಿದ ಕಲ್ಲು ತೆಗೆಯುವುದು ನನ್ನ ಕೆಲಸ. ಗಾಡಿ ಹೊಡೆಯುವುದು ಅಣ್ಣನದು. ನಾನೂ ಒಮ್ಮೆ ಹತ್ತುತ್ತೇನೆ ಎಂದರೆ, "ತಿಕ್ಕಾಕ ನೀ, ಹೊಡ್ಯಾಕ ನಾ" ಎಂದು ನಗುತ್ತಿದ್ದ. ಹತ್ತೊಂಬತ್ತಕ್ಕೆ ಸಿಟ್ಟು ಮಾಡಿಕೊಂಡು ಬೆಂಗಳೂರಿನ ಸವಾರಿ ಶಾಲೆಯೊಂದಕ್ಕೆ ಲಾಯ ಬಳಿಯುವ ಕೆಲಸಕ್ಕೆ ಸೇರಿದೆ. ಎಂಟು ವರ್ಷದಲ್ಲಿ ಬಳಿಯುವವಳು ಹತ್ತುವವಳಾದೆ, ಹತ್ತುವವಳು ಕಲಿಸುವವಳಾದೆ. ಮೈಸೂರಿನಲ್ಲಿ ಕುದುರೆ ಪೊಲೀಸರಾಗಿದ್ದು ನಿವೃತ್ತರಾದ ಬಸವರಾಜಪ್ಪನವರು ಈ ಊರಿನ ತಮ್ಮ ಹೊಲದಲ್ಲಿ ಸವಾರಿ ಶಾಲೆ ಮಾಡುತ್ತೇನೆ, ಬಾ ಎಂದು ಕರೆದರು. ಅಣ್ಣನನ್ನು ಕಾಡಿ ಬೇಡಿ, ನಾನೇ ಸಾಕಿದ್ದ ಕಸ್ತೂರಿಯನ್ನೂ ತರಿಸಿಕೊಂಡೆ. ಬಸವರಾಜಪ್ಪನವರ ಮೂರು, ನನ್ನದೊಂದು, ಒಟ್ಟು ನಾಲ್ಕು ಕುದುರೆ. ಜೀವನದಲ್ಲಿ ಮೊದಲ ಸಲ ಒಂದು ಲಾಯಕ್ಕೆ ನಾನು ಹೇಳಿದ್ದೇ ಮಾತು.

ಇರಲು ಪಂಪ್‌ಸೆಟ್ಟಿನ ಪಕ್ಕದ ಒಂದು ಕೋಣೆ. ಕಿಟಕಿ ತೆರೆದರೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು. ನಮ್ಮ ಕಡೆ ಎತ್ತ ನೋಡಿದರೂ ಕಬ್ಬು ಮತ್ತು ಆಕಾಶ. ಇಲ್ಲಿ ಕಣ್ಣು ಎಲ್ಲೋ ಒಂದು ಕಡೆ ಬೆಟ್ಟಕ್ಕೆ ಬಡಿದು ನಿಲ್ಲುತ್ತದೆ. ಮೊದಮೊದಲು ಅದರಿಂದ ಉಸಿರು ಕಟ್ಟಿದಂತಾಗುತ್ತಿತ್ತು.

ಮಾತಿನ ಕಥೆ ಬೇರೆ. ಇಬ್ಬರದೂ ಕನ್ನಡವೇ, ಆದರೂ ಮೊದಲ ತಿಂಗಳು ಕೈಸನ್ನೆಯೇ ಹೆಚ್ಚು. ಇವರು ಹಕಾರವನ್ನು ಊರ ಹೊರಗೆ ಬಿಟ್ಟು ಬಂದವರು. ಹುಲ್ಲು ಉಲ್ಲು, ಹುಳ ಉಳ, ಹಟ್ಟಿ ಅಟ್ಟಿ. ನಮ್ಮಲ್ಲಿ ಹಟ್ಟಿ ಎಂದರೆ ಕುರಿ ನಿಲ್ಲಿಸುವ ಜಾಗ, ಇಲ್ಲಿ ಮನೆ. "ನಮ್ಮಟ್ಟಿಗ ಊಟುಕ್ ಬಾ" ಎಂದು ಯಾರೋ ಕರೆದಾಗ ಕುರಿಗಳ ನಡುವೆ ಊಟವೇ ಎಂದುಕೊಂಡೆ. ನನ್ನ 'ರೀ' ಕೇಳಿ ಅವರಿಗೂ ನಗು. ನಾನು ಗಂಡನನ್ನು ಕರೆದ ಹಾಗೆ ಊರವರನ್ನೆಲ್ಲ ಕರೆಯುತ್ತೇನಂತೆ!

ಊಟದಲ್ಲಿ ರೊಟ್ಟಿಯ ಜಾಗದಲ್ಲಿ ಮುದ್ದೆ ಕೂತಿತು. ನುಂಗಬೇಕಾದ್ದನ್ನು ಅಗಿದು ತಿನ್ನುವ ನನ್ನನ್ನು ನೋಡಿ ಬಸವರಾಜಪ್ಪನವರ ಹೆಂಡತಿಗೆ ಕರುಳು ಚುರ್ರೆನ್ನುತ್ತಿತ್ತು. ಆದರೆ ಅವರ ಅಡುಗೆಮನೆಯ ಒಂದು ಪದ್ಧತಿಗೆ ನಾನು ಸೋತೆ. ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಹುರಳಿ ಬೇಯಿಸುತ್ತಾರೆ. ಬಸಿದ ಕಟ್ಟು ಮನೆಯವರ ಸಾರಿಗೆ, ಬೆಂದ ಕಾಳು ಕುದುರೆಗೆ. ನಾನೂ ಕಸ್ತೂರಿಯೂ ಒಂದೇ ಪಾತ್ರೆಯಲ್ಲಿ ಉಣ್ಣುವ ಭಾಗ್ಯ ಊರಲ್ಲೂ ಸಿಕ್ಕಿರಲಿಲ್ಲ. ಒಣಹುಲ್ಲು ತರಲು ಯಳಂದೂರಿನ ಗದ್ದೆ ಬಯಲಿಗೆ ಹೋಗುತ್ತಿದ್ದೆವು. ಕಲಿಯಲು ಕೊಳ್ಳೇಗಾಲದಿಂದ ಮಕ್ಕಳು ಬರತೊಡಗಿದರು. ಹುಲಿ ಏರಿದ ದೇವರು ಮಾದಪ್ಪನ ಸೀಮೆಯಲ್ಲಿ ಕುದುರೆ ಏರುವವರಿಗೆ ಯಾರೂ ಅಷ್ಟಾಗಿ ಬೆರಗಾಗುವುದಿಲ್ಲ, ಅದೊಂದು ಅನುಕೂಲ. ಕಾಮಗೆರೆಯ ನರ್ಸೊಬ್ಬಳು ಕಸ್ತೂರಿಯ ಮೇಲೆ ಮೊದಲ ಸಲ ನಾಗಾಲೋಟ ಓಡಿ, ಇಳಿದು, ನನ್ನನ್ನು ತಬ್ಬಿ ಅತ್ತಳು. ಅವತ್ತು ಈ ಊರು ನನ್ನದಾಯಿತು ಅನ್ನಿಸಿತು.

ತಪ್ಪು ಮಾಡಿದ್ದು ನಾಲ್ಕು ತಿಂಗಳ ನಂತರ.

ಲಾಯ ಇದ್ದಲ್ಲಿ ನೊಣ ಇರುತ್ತದೆ. ಮಾದಮ್ಮನಿಗೆ ನೊಣ ಎಂದರೆ ಪ್ರಾಣಸಂಕಟ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ಎಂಬ ನೊಣವೊಂದಿದೆ. ಲದ್ದಿಯ ನೊಣ ಅದಲ್ಲ ಎಂದರೂ ಅವರಿಗೆ ಸಮಾಧಾನವಿಲ್ಲ. "ನಿನ್ ಕುದ್ರ ನೊಣ ನಮ್ ಉಳಕ್ಕ ಬತ್ತವ, ಏನಾರ ಮಾಡು ಕೂಸೆ," ಎಂದು ದಿನಾ ಬೇಲಿಯ ಬಳಿ ಬಂದು ಹೇಳುವರು. ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಲಾಯಕ್ಕೆ ನೊಣದ ಔಷಧಿ ಸಿಂಪಡಿಸುತ್ತಿದ್ದೆವು. ಅವರಿಗೆ ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಬೆನ್ನಿಗೆ ಪಂಪ್ ಕಟ್ಟಿಕೊಂಡು ಗೋಡೆ, ಬೇಲಿ, ತಿಪ್ಪೆ ಒಂದೂ ಬಿಡದೆ ಹೊಡೆದೆ. ಬೇಲಿಯಾಚೆ ಅವರ ಹಿಪ್ಪುನೇರಳೆ ತೋಟ. ಗಾಳಿ ಆ ಕಡೆಗೇ ಇತ್ತು. ಶರ್ಯತ್ತಿನ ಮನೆಯಲ್ಲಿ ಹುಟ್ಟಿದವಳು ಗಾಳಿ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಬೇಲಿ ಪಕ್ಕದ ಸಾಲಿನ ಸೊಪ್ಪನ್ನೇ ಕೊಯ್ದರು. ಮಧ್ಯಾಹ್ನಕ್ಕೆ ಹುಳಗಳು ತಲೆ ತಿರುಗಿಸುತ್ತ ಹಸಿರು ಕಕ್ಕತೊಡಗಿದವು. ಸಂಜೆಗೆ ಎಲ್ಲವೂ ಸತ್ತಿದ್ದವು. ಹಣ್ಣಾಗಲು ಮೂರೇ ದಿನ ಉಳಿದಿತ್ತು. ತಟ್ಟೆಗಟ್ಟಲೆ ಹುಳ ಹೊರಗೆ ಗುಂಡಿಗೆ ಸುರಿಯುವುದನ್ನು ನೋಡಿದಾಗಲೇ ನನಗೆ ಕಾರಣ ಹೊಳೆಯಿತು.

ಮಾದಮ್ಮನಿಗೆ ಹೊಳೆದದ್ದು ಬೇರೆ. ಅಂಗಳದಲ್ಲಿ ಸೊಸೆ ಶಿವಮ್ಮನನ್ನು ನಿಲ್ಲಿಸಿಕೊಂಡು ಕೂಗಾಡುತ್ತಿದ್ದರು: "ಮೈಲ್ಗೇಲಿ ಒಳೀಕ್ ಓಗಿದ್ದಯಲ್ಲ, ಅದ್ಕೇ ಇಂಗಾಯ್ತು!"

"ನಾ ಓಗ್ನಿಲ್ಲ ಕನತ್ತೆ, ಮಾದಪ್ಪನಾಣೆ ಓಗ್ನಿಲ್ಲ," ಎಂದು ಶಿವಮ್ಮ ಬಿಕ್ಕುತ್ತಿದ್ದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಕುದುರೆಗಳು ಊರಲ್ಲಿ ಉಳಿಯುತ್ತಿರಲಿಲ್ಲ. ನಾನು ಕೂಡಲೇ ಹೋಗಿ ಒಪ್ಪಿಕೊಂಡೆ ಎಂದು ಬರೆಯಲು ಆಸೆ, ಆದರೆ ಅದು ಸುಳ್ಳು. ಕಸ್ತೂರಿಯ ಮೈ ತಿಕ್ಕಿದೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಶಿವಮ್ಮನ ಅಳು ನಿಲ್ಲಲಿಲ್ಲ. ಆಗ ಬೇಲಿ ದಾಟಿದೆ.

"ಯವ್ವಾ, ಆಕೀದೇನೂ ತಪ್ಪಿಲ್ರಿ. ನಿನ್ನೆ ನೊಣಕ್ಕ ಔಷಧ ಹೊಡದೀನ್ರಿ. ನಿಮ್ಮ ಸೊಪ್ಪಿಗೆ ಬಡದೈತ್ರಿ."

ಮಾದಮ್ಮ ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಸವರಾಜಪ್ಪನವರು ತಲೆ ಚಚ್ಚಿಕೊಂಡರು. "ಅವ್ರೇನ್ ನಿನ್ನ ಕೇಳಿದ್ರವ್ವ? ಸುಮ್ಕಿರಕ್ಕ ಆಗ್ನಿಲ್ವ?"

ಊರಿನ ಯಜಮಾನರು ಜಗಲಿಯ ಮೇಲೆ ಕೂತು ನ್ಯಾಯ ಮಾಡಿದರು. ಯಜಮಾನರೆಂದರೆ ಬೀದಿಯ ತಂಟೆ ತಕರಾರು ಕೇಳುವ ಹಿರಿಯರು. ಅವರು ಹೇಳಿದ್ದು ಒಂದೇ ಮಾತು: "ಕುದ್ರ ಇರ್ಬೇಕೋ ಬ್ಯಾಡ್ವೋ ಮಾದಮ್ಮನೇ ಏಳ್ಲಿ."

ಮಾದಮ್ಮ ನೆಲ ನೋಡುತ್ತ ಹೇಳಿದರು. "ಇನ್ನೊಂದ್ ಬೆಳ ಕೈಗ್ ಬರ್ಲಿ. ಆಮೇಕ ಏಳ್ತೀನಿ. ಅಲ್ಲೀಗಂಟ ಕುದ್ರಗುಳು ಇಲ್ಲಿರದ್ ಬ್ಯಾಡ."

ನಾಲ್ಕು ಕುದುರೆಗಳನ್ನೂ ಹನೂರು ಕಡೆ ಇದ್ದ ಬಸವರಾಜಪ್ಪನವರ ಮಾವಿನ ತೋಪಿಗೆ ಸಾಗಿಸಿದೆವು. ಪಾಠ ನಿಂತಿತು. ನಾನು ಬೆಳಿಗ್ಗೆ ಮಾದಮ್ಮನ ತೋಟಕ್ಕೆ ಹೋಗತೊಡಗಿದೆ. ಯಾರೂ ಕರೆದಿರಲಿಲ್ಲ. ವಿಷ ತಾಗಿದ ಗಿಡಗಳನ್ನೆಲ್ಲ ಬುಡಕ್ಕೆ ಕತ್ತರಿಸಿದೆವು. ಹೊಸ ಚಿಗುರು ಬರಲು ಎರಡು ತಿಂಗಳು ಬೇಕಾಯಿತು. ಆಮೇಲೆ ಮರಿ ಹುಳ ತಂದರು. ದಿನವೂ ಸೊಪ್ಪಿನ ಕಡ್ಡಿ ಕೊಯ್ದು, ಕಟ್ಟು ಹೊತ್ತು, ಗೋಣಿಚೀಲದವರೆಗೆ ತರುತ್ತಿದ್ದೆ. ಮಾದಮ್ಮ ಒಳಗಿಂದ ಕೈ ಚಾಚಿ ಕಟ್ಟು ಎಳೆದುಕೊಳ್ಳುವರು. ಮಾತಿಲ್ಲ. ಶಿವಮ್ಮ ಮಾತ್ರ ಹಿತ್ತಿಲಲ್ಲಿ ನನಗೆಂದು ಒಂದು ಲೋಟ ಕಾಫಿ ಇಟ್ಟಿರುತ್ತಿದ್ದಳು. ಸಂಜೆ ತೋಪಿಗೆ ಹೋಗಿ ಕುದುರೆಗಳನ್ನು ಓಡಾಡಿಸುವುದು. ಅಷ್ಟು ಒಂಟಿತನ ನಾನು ಬೆಂಗಳೂರಿನಲ್ಲೂ ಕಂಡಿರಲಿಲ್ಲ.

ಹುಳ ನಾಲ್ಕನೇ ಜ್ವರದಿಂದ ಎದ್ದ ದಿನ ಅಣ್ಣನ ಫೋನು ಬಂತು. ಅವನ ಮಣಿಕಟ್ಟು ಮುರಿದಿತ್ತು.

"ಈ ಸಲ ಗಾಡಿ ನೀನಽ ಹೊಡಿ," ಎಂದ.

ಇಪ್ಪತ್ತು ವರ್ಷ ಕಾದ ಮಾತು ಅದು.

"ಕೇಳಾಕತ್ತೀ ಇಲ್ಲೋ? ಮುಂದಿನ ಐತವಾರ ಶರ್ಯತ್ತು ಐತಿ. ಬಂದ್ಮ್ಯಾಲ ಇಲ್ಲೇ ಇದ್ದಬಿಡು. ಇಲ್ಲಿ ಹುಡುಗೂರಿಗೂ ಕಲಸೀಯಂತ."

ಶುಕ್ರವಾರ ಸಂಜೆಯ ಬಸ್ಸಿಗೆ ಟಿಕೆಟ್ ಮಾಡಿಸಿದೆ. ಯಾರಿಗೂ ಹೇಳಲಿಲ್ಲ, ಬ್ಯಾಗು ಮಾತ್ರ ತುಂಬಿಟ್ಟೆ. ಶುಕ್ರವಾರ ಮಧ್ಯಾಹ್ನ ಶಿವಮ್ಮ ಏದುಸಿರು ಬಿಡುತ್ತ ಓಡಿಬಂದಳು.

"ಅಕ್ಕ, ಅತ್ತೆ ಕರೀತಾವ್ರ. ಉಳ ಒಟ್ಟೊಟ್ಗೇ ಅಣ್ಣಾಯ್ತಾವ. ಕೈ ಸಾಲ್ದು. ಮಿಂದ್ಬುಟ್ಟು, ನನ್ ಸೀರ ಉಟ್ಕಂಡು ಬರ್ಬೇಕಂತ. ಉಳ ಮುಗಿಯಗಂಟ ಕುದ್ರ ಮುಟ್ಟಂಗಿಲ್ವಂತ."

ಹಣ್ಣಾದ ಹುಳವನ್ನು ಹೊತ್ತು ಮೀರದಂತೆ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಸುರುಳಿ ಹೆಣೆದ ದೊಡ್ಡ ತಟ್ಟೆ, ಹುಳ ಗೂಡು ಕಟ್ಟುವ ಜಾಗ. ತಡವಾದರೆ ಹುಳ ಸೊಪ್ಪಿನ ಮೇಲೇ ನೂಲು ಕಕ್ಕಿ ಹಾಳಾಗುತ್ತದೆ. ನಾನು ಮಿಂದು, ಗೋಣಿಚೀಲದ ಮೇಲೆ ಕಾಲೊರೆಸಿ, ಆ ಬಾಗಿಲನ್ನು ಮೊದಲ ಸಲ ದಾಟಿದೆ. ಒಳಗೆ ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಹಣ್ಣಾದವು ಮಾತ್ರ ತಿನ್ನುವುದು ಬಿಟ್ಟು, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಜಾಗ ಹುಡುಕುತ್ತಿದ್ದವು.

"ಇಚುಕ್ಬ್ಯಾಡ. ಬೀಳಕ್ಕೂ ಬುಡ್ಬ್ಯಾಡ," ಎಂದರು ಮಾದಮ್ಮ. ಲಗಾಮು ಹಿಡಿಯುವುದನ್ನು ನಾನು ಮಕ್ಕಳಿಗೆ ಹೇಳಿಕೊಡುವುದೂ ಹಾಗೆಯೇ. ಕೈ ಬೇಗ ಪಳಗಿತು.

ಮೂರೂವರೆಗೆ ತಲೆಯೆತ್ತಿ ನೋಡಿದೆ. ಬಸ್ಸಿಗೆ ಇನ್ನು ಒಂದೂವರೆ ಗಂಟೆ, ಅರ್ಧಕ್ಕಿಂತ ಹೆಚ್ಚು ತಟ್ಟೆ ಹಾಗೇ ಇದ್ದವು. ಒಂದು ಬೆಳೆಯನ್ನು ಕೊಂದಿದ್ದೆ, ಇನ್ನೊಂದನ್ನು ಬಿಟ್ಟು ಏಳಲು ಕಾಲು ಬರಲಿಲ್ಲ. ಕುದುರೆಗಳನ್ನು ಉಳಿಸಿಕೊಳ್ಳುವ ಲೆಕ್ಕವೂ ಮನಸ್ಸಿನಲ್ಲಿತ್ತು, ಇಲ್ಲವೆಂದರೆ ಸುಳ್ಳಾದೀತು. ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ.

"ಬರಾಕ ಆಗೂದಿಲ್ಲಣ್ಣಾ. ಇಲ್ಲಿ ಹುಳಾ ಹಣ್ಣಾಗ್ಯಾವು."

"ನಿನಗ ಹುಳಾ ದೊಡ್ಡು ಆದ್ವು," ಎಂದ. "ಇರ್ಲಿ ಬಿಡು. ನೀ ಅಲ್ಲಿಯಾಕಿ ಆದಿ."

ಮತ್ತೆ ಕಾಲೊರೆಸಿಕೊಂಡು ಒಳಗೆ ಹೋದೆ.

ತಡವಾಗಿ ಹಣ್ಣಾದ ಹುಳ ಆರಿಸುವುದು ಭಾನುವಾರ ಬೆಳಿಗ್ಗೆಯೂ ಮುಗಿದಿರಲಿಲ್ಲ. ಫೋನು ಬಂತು. ಎರಡೂ ಕೈಯಲ್ಲಿ ಹುಳ ಇದ್ದವು, ಶಿವಮ್ಮ ಫೋನನ್ನು ನನ್ನ ಕಿವಿಗೆ ಹಿಡಿದಳು. ಅಣ್ಣ ಮಾತಾಡಲಿಲ್ಲ. ಗದ್ದಲ, ಸೀಟಿ, ಆಮೇಲೆ ಗೊರಸಿನ ಸದ್ದು. ಓಟ ಶುರುವಾಗಿತ್ತು, ಗಾಡಿಯ ಮೇಲೆ ನನ್ನ ಬದಲು ಇನ್ನಾರೋ. 'ಹೊಡಿ, ಹೊಡಿ' ಎಂದು ಗಂಟಲವರೆಗೆ ಬಂದ ಕೂಗನ್ನು ನುಂಗಿಕೊಂಡೆ. ಹುಳದ ಮನೆಯಲ್ಲಿ ಕೂಗಬಾರದು. ಕಣ್ಣೀರು ಮೂಗಿನ ತುದಿಯವರೆಗೆ ಇಳಿಯಿತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಗೆದ್ವಿ," ಎಂದ ಅಣ್ಣ ಕೊನೆಗೆ. ಫೋನು ಇಟ್ಟ.

ಮಾದಮ್ಮ ನನ್ನ ಮುಖ ನೋಡಿದರು. "ಓಗ್ಬೇಕಾಗಿತ್ತ ಕೂಸೆ?"

"ಹೌದ್ರಿ," ಎಂದೆ.

ಅವರು ಸೆರಗಿನಿಂದ ನನ್ನ ಮೂಗು ಒರೆಸಿ, ಮತ್ತೆ ಹುಳ ಆರಿಸತೊಡಗಿದರು.

ಸಂಜೆ ಕೊನೆಯ ಚಂದ್ರಿಕೆ ತುಂಬಿತು. ಮಾದಮ್ಮ ಸೊಂಟ ಹಿಡಿದುಕೊಂಡು ಬೇಲಿಯವರೆಗೆ ಬಂದು ಖಾಲಿ ಲಾಯ ತೋರಿಸಿದರು. "ಕುದ್ರಗುಳ ತಂದು ಇಲ್ಲೇ ಕಟ್ಕ. ಔಷ್ದಿ ಗಿಷ್ದಿ ಒಡೀಬ್ಯಾಡ. ಲದ್ದಿನ ದಿನಾ ಬಾಚಿ ನಮ್ ಸೊಪ್ಪಿನ್ ತೋಟಕ್ಕ ಆಕು."

ಶಿವಮ್ಮನ ಸೀರೆಯಲ್ಲೇ ತೋಪಿಗೆ ಹೋದೆ. ಬುದ್ಧಿ ಬಂದಾಗಿನಿಂದ ಮೂರು ದಿನ ಕುದುರೆ ಮುಟ್ಟದೆ ಇದ್ದದ್ದು ಅದೇ ಮೊದಲು. ಕಸ್ತೂರಿ ಮಾವಿನ ಮರದ ಕೆಳಗೆ ನಿಂತಿದ್ದಳು. ಓಡಿಬರುತ್ತಾಳೆ ಎಂದುಕೊಂಡು ಕೈ ಚಾಚಿದೆ. ಅವಳು ಅಂಗೈ ಮೂಸಿ, ಮೂಗರಳಿಸಿ, ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು. ನನ್ನ ಕೈ ಹಿಪ್ಪುನೇರಳೆ ಸೊಪ್ಪಿನ, ಹುಳದ ವಾಸನೆ ಹೊಡೆಯುತ್ತಿತ್ತು.

"ನಾನಽ ಅದೀನಿ ಬಾರಬೇ," ಎಂದೆ.

ಅವಳ ಕಿವಿ ನಿಮಿರಿದವು. ಸ್ವಲ್ಪ ಹೊತ್ತು ಹಾಗೇ ಕೇಳಿಸಿಕೊಂಡು ನಿಂತು, ಆಮೇಲೆ ನಿಧಾನವಾಗಿ ಬಂದು ನನ್ನ ಹೆಗಲ ಮೇಲೆ ತಲೆಯಿಟ್ಟಳು.